ಮುಗುಳಿಯ ಕೆಳಗಿನ ಮಡಿಕೆ

ಸುಳ್ಯ–ಬೆಳ್ಳಾರೆ ದಾರಿಯ ಐವರ್ನಾಡು ಸೀಮೆಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಲ್ಲಿ ಮಾಡಿನ ಕೆಲಸವನ್ನು ಕೊನೆಗೆ ತೂಗುವುದು ಆಟಿಯ ಮಳೆಯೇ. ಜೀರ್ಣೋದ್ಧಾರವೆಂದರೆ ಗರ್ಭಗುಡಿಯ ಮಾಡಿಗೆ ತಾಮ್ರ ಹೊದೆಸುವುದು ಎನ್ನುವುದು ಈಗ ನಮ್ಮಲ್ಲಿ ರೂಢಿಯಾಗಿದೆ. ಬ್ರಹ್ಮಕಲಶದ ದಿನ ನಾವು ಹೊಳಪನ್ನು ನೋಡಿ ಕೈಮುಗಿಯುತ್ತೇವೆ. ಮಳೆ ನೋಡುವುದು ಸಂದುಗಳನ್ನು.

ತಾಮ್ರ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವ ಲೋಹ. 3 ಮೀಟರ್ ಉದ್ದದ ತಗಡು 40 ಡಿಗ್ರಿ ಏರಿಳಿತಕ್ಕೆ ಸುಮಾರು 2 ಮಿ.ಮೀ. ಸರಿಯುತ್ತದೆ. ಎರಡು ತಗಡುಗಳ ಅಂಚನ್ನು ಒಂದರೊಳಗೊಂದು ಮಡಚಿ ಕೊಡತಿಯಿಂದ ಬಡಿದು ಕೂರಿಸಿದರೆ, ಆ ಮಡಿಕೆಯೊಳಗೆ ಸರಿಯಲು ಜಾಗವಿರುತ್ತದೆ. ಬರೀ ಬೆಸುಗೆ ಹಾಕಿದರೆ ಜಾಗವಿಲ್ಲ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬೆಸುಗೆ ಬಿಡುತ್ತದೆ. ತಾಮ್ರ ಪೆಟ್ಟು ತಿಂದಷ್ಟೂ ಬಿರುಸಾಗುವುದರಿಂದ ಮೂಲೆ ಮಡಚುವ ಮುಂಚೆ ಮಂದ ಕೆಂಪಗೆ ಕಾಯಿಸಿ ಹದ ಮಾಡಬೇಕು. ಆ ಹದ ತಪ್ಪಿದಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನ ಕೆಳಗೆ ನೆನೆಯುವ ಮರದ ಮುಚ್ಚಿಗೆ.

ಈ ವಿದ್ಯೆಯ ಎತ್ತರ ಕಾಣಬೇಕಾದರೆ ಕಾಸರಗೋಡಿನ ಮಧೂರು ದೇವಸ್ಥಾನಕ್ಕೆ ಹೋಗಬೇಕು. ಆನೆಯ ಬೆನ್ನಿನಂತೆ ದುಂಡಗೆ ತಿರುಗುವ ಗಜಪೃಷ್ಠದ ಮಾಡಿಗೆ ಚೌಕ ತಗಡು ಒಗ್ಗುವುದಿಲ್ಲ. ತಿರುವಿನಲ್ಲಿ ಪ್ರತಿ ತಗಡೂ ಮೇಲಕ್ಕೆ ಹೋದಂತೆ ಕಿರಿದಾಗಬೇಕು, ಪ್ರತಿ ಮಡಿಕೆಯೂ ನೀರು ಇಳಿಯುವ ದಿಕ್ಕನ್ನು ಅರಿತಿರಬೇಕು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯದು ಇನ್ನೊಂದು ಬಗೆಯ ವಿವೇಕ. ಅಲ್ಲಿ ಕೆಳಗೆ ಕಲ್ಲು, ಮೇಲೆ ಮರ, ಮರಕ್ಕೆ ತಾಮ್ರದ ಹೊದಿಕೆ. ಭಾರ ಹೊರಲಾಗದ ಕಡೆ ಹಗುರವಾದುದನ್ನು ಇಟ್ಟ ಲೆಕ್ಕಾಚಾರ ಅದು. ಈ ಎರಡೂ ಕಡೆ ಅಂದ ಹುಟ್ಟಿದ್ದು ನೀರನ್ನು ಕಳಿಸುವ ಉಪಾಯದಿಂದಲೇ.

ನಮ್ಮ ಈಚಿನ ಕೆಲಸಗಳಲ್ಲಿ ನನ್ನನ್ನು ನೋಯಿಸುವ ತಪ್ಪುಗಳು ಮೂರು. ಮೊದಲನೆಯದು, ತಾಮ್ರಕ್ಕೆ ಕಬ್ಬಿಣದ ಮೊಳೆ. ಎರಡು ಲೋಹ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಕಬ್ಬಿಣ ಬೇಗ ಸವೆಯುತ್ತದೆ. ಮೊಳೆ ಹೋದಲ್ಲಿ ತೂತು ಉಳಿಯುತ್ತದೆ. ತಾಮ್ರಕ್ಕೆ ತಾಮ್ರದ ಮೊಳೆಯೇ ಆಗಬೇಕು. ಎರಡನೆಯದು, ತಾಮ್ರದ ಮಾಡಿನ ಕೆಳಗೆ ಸತು ಲೇಪದ ಜಿಐ ತಗಡಿನ ನೀರುದಂಬೆ. ಮೇಲಿನಿಂದ ಇಳಿದ ನೀರು ಅದರ ಸತುವನ್ನು ತಿಂದುಹಾಕುತ್ತದೆ. ಮೂರನೆಯದು, ದಪ್ಪದಲ್ಲಿ ಕಡಿತ. 0.7 ಮಿ.ಮೀ. ತಗಡು ಚದರ ಮೀಟರಿಗೆ 6 ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ; ತೆಳ್ಳಗಾದಷ್ಟೂ ತೂಕವೂ ಖರ್ಚೂ ಇಳಿಯುತ್ತವೆ. ಉಬ್ಬುಚಿತ್ತಾರಕ್ಕೆ ಹಣ ಸುರಿದು ತಗಡನ್ನು ತೆಳ್ಳಗೆ ಮಾಡಿದರೆ ಅದು ದಾನಿಗೂ ದೇವರಿಗೂ ಮಾಡಿದ ಅನ್ಯಾಯ. ಇನ್ನು ಕಿಲುಬು ಬರುತ್ತದೆಂದು ಮೆರುಗೆಣ್ಣೆ ಬಳಿಯುವುದು ವ್ಯರ್ಥ. ತಾಮ್ರ ಕಂದಿ, ಕಪ್ಪಾಗಿ, ನಿಧಾನ ಹಸಿರಾಗುವ ಪದರವೇ ಅದರ ಕವಚ. ತಾಮ್ರ ಪಾಚಿ, ಬೂಷ್ಟನ್ನೂ ತಡೆಯುತ್ತದೆಂದು ಅಡಿಕೆ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ನಾವು ಸಿಂಪಡಿಸುವ ಮೈಲುತುತ್ತೆಯೂ ತಾಮ್ರವೇ. ತಾಮ್ರದ ನೀರು ಇಳಿಯುವ ಹಂಚಿನ ಮೇಲೆ ಪಾಚಿ ಕಟ್ಟುವುದು ಕಡಿಮೆ, ಕಾರಣ ಅದೇ.

ಮಾಡಿನ ನೆತ್ತಿಯ ಮುಗುಳಿಯನ್ನು ನಾವು ಶೃಂಗಾರವೆಂದು ನೋಡುತ್ತೇವೆ. ಆದರೆ ಎಲ್ಲ ತಗಡುಗಳೂ ಬಂದು ಮುಗಿಯುವ ಬಾಯಿಗೆ ಅದೇ ಮುಚ್ಚಳ. ಮನೆಯ ಬಚ್ಚಲ ಒಲೆಯ ಹೊಗೆನಳಿಗೆಗೂ ಇದೇ ನ್ಯಾಯ. ನಳಿಗೆ ಹಂಚನ್ನು ಸೀಳಿ ಹೊರಬರುವಲ್ಲಿ ಸಿಮೆಂಟು ಮೆತ್ತಿದರೆ ಮರುವರ್ಷವೇ ಬಿರಿಯುತ್ತದೆ. ಸುತ್ತ ಕೂರಿಸುವ ತಗಡು ಮೇಲಿನ ಹಂಚಿನ ಅಡಿಗೆ ಹೋಗಿ, ಕೆಳಗಿನ ಹಂಚಿನ ಮೇಲೆ ಬರಬೇಕು. ನೆತ್ತಿಯ ಟೊಪ್ಪಿ ಮಳೆ ತಡೆಯಬೇಕು, ಹೊಗೆಗೆ ದಾರಿಯನ್ನೂ ಬಿಡಬೇಕು. ಗುಡಿಯ ಮಾಡಿಗೆ ದುಡಿದ ಕೈಗೆ ಇದು ಸಣ್ಣ ಕೆಲಸವಲ್ಲ, ಅದೇ ಕೆಲಸ.

ಆದ್ದರಿಂದ ಜೀರ್ಣೋದ್ಧಾರ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟು. ಅಟ್ಟಣೆ ಬಿಚ್ಚುವ ಮೊದಲು ಒಬ್ಬರು ಮೇಲೆ ಹತ್ತಿ ಮಡಿಕೆ ಮುಟ್ಟಿ ನೋಡಲಿ. ತಗಡಿನ ದಪ್ಪ, ಮೊಳೆಯ ಲೋಹ ಲೆಕ್ಕಪುಸ್ತಕದಲ್ಲಿ ಬರೆದಿಡಲಿ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮುಂಚೆ ನಾಲ್ಕು ಕೊಡ ನೀರು ಸುರಿದು ಒಳಗಿನ ಮುಚ್ಚಿಗೆ ಸವರಲಿ. ಕೈಗೆ ತೇವ ಹತ್ತದಿದ್ದರೆ ಕೆಲಸ ಮಾಡಿದ ಆಚಾರಿಗೆ ಶಾಲು ಹೊದೆಸಲಿ.