ಗೊಂಬೆಗಳ ನೌಕೆ, ಗಿಟಾರಿನ ಗೋಷ್ಠಿ: ‘ಸ್ಟಾರ್ ಫ್ಲೀಟ್’ ಧ್ವನಿಮುದ್ರಿಕೆಯನ್ನು ಕುರಿತು

‘ಕ್ವೀನ್’ ತಂಡದ ಗಿಟಾರ್‌ವಾದಕರಾದ ಬ್ರಯಾನ್ ಮೇ ಅವರು 1983ರಲ್ಲಿ ಹೊರತಂದ ‘ಸ್ಟಾರ್ ಫ್ಲೀಟ್ ಪ್ರಾಜೆಕ್ಟ್’ ಎಂಬ ಕಿರು ಧ್ವನಿಮುದ್ರಿಕೆಯನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಇದು ದೊಡ್ಡ ಕಲಾವಿದರ ಎರಡು ದಿನದ ವಿನೋದವೆಂಬುದು ಒಂದು; ಮಕ್ಕಳ ಟೆಲಿವಿಷನ್ ಧಾರಾವಾಹಿಯೊಂದರ ಜಾಹೀರಾತೆಂಬುದು ಮತ್ತೊಂದು. ಈ ಎರಡರಲ್ಲಿ ಯಾವುದೂ ನಮಗೆ ಪೂರ್ಣವಾಗಿ ಒಪ್ಪಿಗೆಯಾಗದು. ಇತಿಹಾಸದ ವಿದ್ಯಾರ್ಥಿಯಾದವನು ಮೊದಲು ಕೇಳತಕ್ಕ ಪ್ರಶ್ನೆ ಬೇರೆ: ಈ ಕೃತಿ ಯಾವ ದಾರಿಯಿಂದ ಬಂದಿತು, ಆ ದಾರಿಯಲ್ಲಿ ಯಾರು ಹಿಂದೆ ಉಳಿದರು?

ಧಾರಾವಾಹಿಯ ಮೂಲ ಜಪಾನಿನದು. ‘ಎಕ್ಸ್-ಬಾಂಬರ್’ ಎಂಬ ಹೆಸರಿನಲ್ಲಿ ಅದು 1980ರ ಅಕ್ಟೋಬರ್‌ನಿಂದ 1981ರ ಮಾರ್ಚ್‌ವರೆಗೆ ಫುಜಿ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಕಲ್ಪನೆ ಗೋ ನಗಾಯ್ ಅವರದು. ‘ಮಜಿಂಗರ್ ಜ಼ೆಡ್’ ಯಂತ್ರಮಾನವನ ಸೃಷ್ಟಿಕರ್ತರೆಂದು ಅವರು ಅದಕ್ಕೆ ಮೊದಲೇ ಪ್ರಸಿದ್ಧರಾಗಿದ್ದರು. ಪಾತ್ರಧಾರಿಗಳೆಲ್ಲ ಗೊಂಬೆಗಳು. ಇಂಗ್ಲೆಂಡಿನ ‘ಥಂಡರ್‌ಬರ್ಡ್ಸ್’ನ ಸೂತ್ರದ ಗೊಂಬೆಗಳನ್ನು ಮೇಲಿನಿಂದ ದಾರ ಹಿಡಿದು ಆಡಿಸುತ್ತಿದ್ದರೆ, ಇಲ್ಲಿ ಜಪಾನಿನ ಬುನ್ರಾಕು ಪರಂಪರೆಯ ಋಣ ಹೆಚ್ಚು. ಇದಕ್ಕೆ ಸಂಗೀತವನ್ನು ಒದಗಿಸಿದುದು ‘ಬೌ ವೌ’ ಎಂಬ ಜಪಾನೀ ರಾಕ್ ತಂಡ. ಈ ಕಡೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

1982ರ ಅಕ್ಟೋಬರ್‌ನಲ್ಲಿ ಇದೇ ಧಾರಾವಾಹಿ ಬ್ರಿಟನ್ನಿನ ಐಟಿವಿಯಲ್ಲಿ, ಶನಿವಾರದ ಬೆಳಗಿನ ಹೊತ್ತು, ‘ಸ್ಟಾರ್ ಫ್ಲೀಟ್’ ಎಂಬ ಹೊಸ ಹೆಸರನ್ನು ತಳೆದು ಕಾಣಿಸಿಕೊಂಡಿತು. ಮಾತುಗಳು ಇಂಗ್ಲಿಷಿಗೆ ತಿರುಗಿದುವು, ಕೆಲವು ಪಾತ್ರಗಳ ಹೆಸರು ಬದಲಾಯಿತು, ಸಂಗೀತವನ್ನೂ ಕಿತ್ತು ಬೇರೆಯದನ್ನು ಕೂಡಿಸಿದರು. ಹೊಸ ಶೀರ್ಷಿಕೆಗೀತೆ ಪಾಲ್ ಬ್ಲಿಸ್ ಅವರ ರಚನೆ. ತಮ್ಮ ಚಿಕ್ಕ ಮಗನೊಡನೆ ಕುಳಿತು ನೋಡುತ್ತಿದ್ದ ಮೇ ಅವರ ಕಿವಿಗೆ ಬಿದ್ದುದು ಈ ಗೀತೆ.

ಮುಂದಿನ ವೃತ್ತಾಂತ ಪ್ರಸಿದ್ಧವಾದುದೇ. ಕ್ವೀನ್ ತಂಡ ವಿರಾಮದಲ್ಲಿದ್ದ ಕಾಲ. 1983ರ ಏಪ್ರಿಲ್ 21 ಮತ್ತು 22ರಂದು ಲಾಸ್ ಏಂಜಲೀಸಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಮೇ ಅವರು ಮಿತ್ರರನ್ನು ಕೂಡಿಸಿದರು: ಗಿಟಾರಿಗೆ ಎಡ್ಡಿ ವ್ಯಾನ್ ಹೇಲನ್, ಡ್ರಮ್ಮಿಗೆ ಅಲನ್ ಗ್ರಾಟ್ಸರ್, ಬಾಸ್‌ಗೆ ಫಿಲ್ ಚೆನ್, ಕೀಬೋರ್ಡಿಗೆ ಫ್ರೆಡ್ ಮ್ಯಾಂಡಲ್. ಹಿನ್ನೆಲೆಯ ದನಿಯನ್ನು ಆಮೇಲೆ ರೋಜರ್ ಟೇಲರ್ ಸೇರಿಸಿದರು. ಮೇ ಅವರು ಖಗೋಳಶಾಸ್ತ್ರದ ಅಭ್ಯಾಸಿಯಾದುದರಿಂದ ಈ ಕಥೆಗೆ ಒಲಿದರೆಂದು ಹೇಳುವವರುಂಟು. ಇದು ಸುಲಭದ ವಿವರಣೆ. ಅವರಿಗೆ 2007ರಲ್ಲಿ ಡಾಕ್ಟರೇಟ್ ದೊರೆತದ್ದು ಗ್ರಹಗಳ ನಡುವಣ ಧೂಳಿನ ಚಲನೆಯನ್ನು ಕುರಿತ ಪ್ರಬಂಧಕ್ಕೆ. ಆ ಧೂಳಿಗೂ ಈ ಗೊಂಬೆಗಳ ಯುದ್ಧನೌಕೆಗೂ ಯಾವ ನಂಟೂ ನಮಗೆ ಕಾಣದು.

ಜಾಹೀರಾತೆಂಬ ಮಾತನ್ನು ಕಾಲಾನುಕ್ರಮದಿಂದಲೇ ಪರೀಕ್ಷಿಸಬಹುದು. ಧಾರಾವಾಹಿ ಬ್ರಿಟನ್ನಿನಲ್ಲಿ ಆರಂಭವಾದುದು 1982ರ ಅಕ್ಟೋಬರ್‌ನಲ್ಲಿ. ಮುದ್ರಿಕೆ ಹೊರಬಿದ್ದುದು 1983ರ ಅಕ್ಟೋಬರ್ 31ರಂದು. ತೇರು ಸಾಗಿಹೋದ ಮೇಲೆ ಬಾರಿಸಿದ ನಗಾರಿ ಜನರನ್ನು ತೇರಿಗೆ ಕರೆಯಲಾರದು. ಗೀತೆಯ ಚಿತ್ರರೂಪದಲ್ಲಿ ಧಾರಾವಾಹಿಯ ದೃಶ್ಯಗಳ ನಡುವೆ ಮೇ ಅವರ ಮುಖವನ್ನು ತೇಲಿಬಿಟ್ಟಿದ್ದಾರೆ. ಗೊಂಬೆಗಳಿಗೆ ಗಾಯಕನಿಂದ ಆದ ಪ್ರಚಾರಕ್ಕಿಂತ ಗಾಯಕನಿಗೆ ಗೊಂಬೆಗಳಿಂದ ಆದುದೇ ಹೆಚ್ಚೆಂದು ಅದನ್ನು ನೋಡಿದವರಿಗೆ ತೋರದಿರದು. ಆ ಪ್ರಚಾರವೂ ದೊಡ್ಡದಾಗಲಿಲ್ಲ. ಬಿಡಿಗೀತೆ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ 65ನೆಯ ಸ್ಥಾನವನ್ನು ದಾಟಲಿಲ್ಲ.

ಕೃತಿಯ ಗುಣವೇನು? ಮೂರು ರಚನೆಗಳಲ್ಲಿ ಶೀರ್ಷಿಕೆಗೀತೆಯೊಂದೇ, ಸುಮಾರು ಎಂಟು ನಿಮಿಷದ್ದು, ಧಾರಾವಾಹಿಗೆ ಸಂಬಂಧಿಸಿದೆ. ಬ್ಲಿಸ್ ಅವರ ರಾಗ ಸರಳ, ದಂಡಯಾತ್ರೆಯ ನಡೆಯದು. ಮೇ ಅವರು ಅದನ್ನು ಪರಿಹಾಸ್ಯಕ್ಕೆ ಈಡುಮಾಡದೆ, ಮಗು ಕೇಳುವ ಶ್ರದ್ಧೆಯಿಂದಲೇ ಹಾಡಿದ್ದಾರೆ. ಗೀತೆಯ ಮುಖ್ಯ ಗುಣ ಇದೆಂದು ನಾವು ಎಣಿಸುತ್ತೇವೆ. ತಂದೆಯೊಡನೆ ಸೇರಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಮಾಡಿಕೊಂಡ ಗಿಟಾರಿನಲ್ಲಿ ಮೇ ಅವರು ಸ್ವರವನ್ನು ನಿಲ್ಲಿಸಿ, ಪದರಪದರವಾಗಿ ಕಟ್ಟುತ್ತಾರೆ. ವ್ಯಾನ್ ಹೇಲನ್ನರೋ ಎರಡು ಕೈಗಳ ಬೆರಳುಗಳಿಂದಲೂ ತಂತಿಯನ್ನು ಮೀಟಿ ಸ್ವರಗಳನ್ನು ಚೆಲ್ಲಾಡುತ್ತಾರೆ. ಒಬ್ಬರು ಇನ್ನೊಬ್ಬರನ್ನು ಮೀರಿಸಲು ಹವಣಿಸುವುದಿಲ್ಲ. ‘ಲೆಟ್ ಮಿ ಔಟ್’ ಹಿತವಾದುದು, ಅಷ್ಟೆ. ಎರಿಕ್ ಕ್ಲಾಪ್ಟನ್ನರಿಗೆ ಅರ್ಪಿತವಾದ ‘ಬ್ಲೂಸ್ ಬ್ರೇಕರ್’ ಹದಿಮೂರು ನಿಮಿಷಗಳಷ್ಟು ಬೆಳೆದಿದೆ. ಎಂಟರಲ್ಲಿ ಮುಗಿದಿದ್ದರೆ ನಷ್ಟವಿರಲಿಲ್ಲ.

ಆದರೆ ನಮ್ಮ ಆಕ್ಷೇಪಣೆ ಸಂಗೀತದ ಮೇಲಲ್ಲ, ಅದರ ಸುತ್ತ ಬೆಳೆದ ಕಥನದ ಮೇಲೆ. ಗೊಂಬೆಯಾಟಕ್ಕೆ ರಾಕ್ ಸಂಗೀತದ ಗೌರವವನ್ನು ತಂದವರು ಮೇ ಅವರೆಂಬ ಧಾಟಿಯಲ್ಲಿ ಬರೆಯುವುದುಂಟು. ಮೂರು ವರ್ಷ ಮೊದಲೇ ಬೌ ವೌ ತಂಡ ಆ ಕೆಲಸವನ್ನು ಮಾಡಿತ್ತು. ಮೇ ಅವರು ಕೈಗೆತ್ತಿಕೊಂಡ ಗೀತೆ ಅವರ ಸಂಗೀತವನ್ನು ಅಳಿಸಿದ ಜಾಗದಲ್ಲಿ ಬರೆದದ್ದು. ಅದೇ ಬೌ ವೌ ತಂಡ 1982ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್ ಉತ್ಸವದ ವೇದಿಕೆಯ ಮೇಲೆ ನುಡಿಸಿತ್ತು. ಎರಡು ತಿಂಗಳು ಕಳೆಯುವುದರಲ್ಲಿ ಆ ದೇಶದ ಮಕ್ಕಳು ಅವರ ಸಂಗೀತವಿಲ್ಲದ ಅವರ ಧಾರಾವಾಹಿಯನ್ನು ನೋಡತೊಡಗಿದರು. ಇದರಲ್ಲಿ ಮೇ ಅವರ ತಪ್ಪಿಲ್ಲ. ತಮಗೆ ಕೇಳಿಸಿದುದನ್ನು ಅವರು ಪ್ರೀತಿಯಿಂದ ನುಡಿಸಿದರು. ಸಂಗೀತವನ್ನು ಬದಲಿಸಿದವರು ಇಂಗ್ಲಿಷ್ ರೂಪಾಂತರವನ್ನು ಸಿದ್ಧಪಡಿಸಿದವರು. ಆ ಬದಲಾವಣೆಯನ್ನು ಹೇಳದೆ ಬಿಡುವ ಚರಿತ್ರಕಾರರದು ಮಾತ್ರ ತಪ್ಪೇ ಸರಿ.

2023ರ ಜುಲೈನಲ್ಲಿ ಈ ಕೃತಿಯ ವಿಸ್ತೃತ ಆವೃತ್ತಿ ಬಂದಿತು. ಎರಡು ದಿನಗಳ ಪ್ರಯತ್ನಗಳು, ನಡುವಣ ಮಾತುಕತೆ, ಎಲ್ಲವೂ ಅದರಲ್ಲಿವೆ. ವ್ಯಾನ್ ಹೇಲನ್ 2020ರಲ್ಲಿಯೂ ಚೆನ್ 2021ರಲ್ಲಿಯೂ ತೀರಿಕೊಂಡಿರುವುದರಿಂದ ಈ ದಾಖಲೆಗೆ ಬೆಲೆ ಹೆಚ್ಚು. ಒಂದು ಗೀತೆ ಹಂತಹಂತವಾಗಿ ರೂಪುಗೊಳ್ಳುವುದನ್ನು ಇಷ್ಟು ಹತ್ತಿರದಿಂದ ಕೇಳುವ ಅವಕಾಶ ಅಪರೂಪ. ವಿದ್ಯಾರ್ಥಿಗಳು ಅದನ್ನು ಕೇಳಲಿ. ಆದರೆ ಅದಕ್ಕೆ ಮುನ್ನ ಬೌ ವೌ ತಂಡದ 1980ರ ‘ಎಕ್ಸ್-ಬಾಂಬರ್’ ಮುದ್ರಿಕೆಯನ್ನು ಹುಡುಕಿ ಕೇಳಬೇಕೆಂಬುದು ನಮ್ಮ ಸಲಹೆ.