ಯಂತ್ರವಾದ್ಯದಲ್ಲಿ ಹತ್ತು ರಾಗಗಳು: ಒಂದು ಮರುಮುದ್ರಣದ ವಿಮರ್ಶೆ

ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ಬಹುಕಾಲ ದುಡಿದ ಚರಣಜಿತ್ ಸಿಂಗ್ ಅವರು 1982ರಲ್ಲಿ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಭೈರವಿಯಿಂದ ಬೈರಾಗಿಯವರೆಗೆ ಹತ್ತು ರಾಗಗಳನ್ನು ಒಬ್ಬರೇ ಕುಳಿತು ವಿದ್ಯುನ್ಮಾನ ಯಂತ್ರಗಳಲ್ಲಿ ನುಡಿಸಿದ ಕೃತಿಯಿದು. ಅಂದು ಅದನ್ನು ಗಮನಿಸಿದವರು ವಿರಳ. 2010ರಲ್ಲಿ ನೆದರ್ಲೆಂಡ್ಸಿನ ಬಾಂಬೆ ಕನೆಕ್ಷನ್ ಸಂಸ್ಥೆ ಇದನ್ನು ವೈನಿಲ್ ತಟ್ಟೆಯಾಗಿ ಮರಳಿ ಹೊರಡಿಸಿದ ಮೇಲೆ ಇದರ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಆ ಕೀರ್ತಿಗೆ ಕೊಡಲಾಗುವ ಕಾರಣವು ಯುಕ್ತವೇ ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಷಿಕಾಗೋ ನಗರದ ಫ್ಯೂಚರ್ ತಂಡವು 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಎಂಬ ನೃತ್ಯಸಂಗೀತವನ್ನು ಪ್ರಕಟಿಸಿತು. ಅದರಲ್ಲಿ ಕೇಳಿಬರುವ ನಾದವು ಐದು ವರ್ಷ ಮೊದಲೇ ಮುಂಬಯಿಯಲ್ಲಿ ಹುಟ್ಟಿತ್ತೆಂಬುದೇ ಹೊಗಳಿಕೆಯ ತಿರುಳು. ಆದರೆ ಎರಡೂ ಕಡೆ ಬಳಕೆಯಾದುದು ರೋಲೆಂಡ್ ಸಂಸ್ಥೆಯ ಟಿ.ಬಿ. 303 ಎಂಬ ಒಂದೇ ಯಂತ್ರ. ಯಂತ್ರ ಒಂದಾದರೆ ನಾದಸಾಮ್ಯ ಸಹಜ. ಸಾಮ್ಯದಿಂದ ಪ್ರಭಾವ ಸಿದ್ಧವಾಗದು. ಮೇಲಾಗಿ, ಅನ್ಯರ ಸಂಗೀತಕ್ಕೆ ಪೂರ್ವಸೂಚನೆಯಾಯಿತೆಂದು ಮಾತ್ರ ಒಂದು ಕೃತಿಯನ್ನು ಮನ್ನಿಸುವುದು, ಅದು ಸ್ವತಃ ಮಾಡಹೊರಟ ಕಾರ್ಯವನ್ನು ಮರೆತಂತೆಯೇ ಸರಿ.

ಆ ಕಾರ್ಯವಾದರೂ ಯಾವುದು? ರಾಗವನ್ನು ಯಂತ್ರದ ಲಯಕ್ಕೆ ಒಗ್ಗಿಸುವುದು. ಬಾಸ್ ಗಿಟಾರಿಗೆ ಬದಲಿಯಾಗಿ ರೂಪಿಸಿದ ಈ ಯಂತ್ರದಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಅನುಕೂಲವುಂಟು. ಅದು ಮೀಂಡನ್ನು ನೆನಪಿಗೆ ತರುತ್ತದೆ. ಆದರೆ ಸಪ್ತಕವನ್ನು ಅದು ಹನ್ನೆರಡು ಸಮಭಾಗಗಳಾಗಿಯೇ ಬಲ್ಲದು. ಆದುದರಿಂದ ಐದು ಸ್ವರಗಳ ಭೂಪಾಲಿ, ಮಾಲ್ಕೌಂಸ್, ಕಲಾವತಿಗಳ ಆಕೃತಿ ಉಳಿದುಕೊಳ್ಳುತ್ತದೆ. ಅತಿಕೋಮಲ ಗಾಂಧಾರವನ್ನು ಬಯಸುವ ತೋಡಿಯಲ್ಲಾಗಲಿ, ಎರಡು ಮಧ್ಯಮಗಳು ಒಂದನ್ನೊಂದು ಸೋಕಿ ನಡೆಯುವ ಲಲಿತದಲ್ಲಾಗಲಿ ಸ್ವರಪಂಕ್ತಿ ದೊರೆತರೂ ರಾಗದ ಜೀವ ದೊರೆಯುವುದಿಲ್ಲ. ಕಾಲಪ್ರಮಾಣವು ಬದಲಾಗದ ಕಾರಣ ವಿಲಂಬದಿಂದ ದ್ರುತಕ್ಕೆ ಏರುವ ಕ್ರಮವೂ ಇಲ್ಲಿ ಅಸಾಧ್ಯ.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಸಮಶ್ರುತಿಯ ವಾದ್ಯವೆಂಬ ಆಕ್ಷೇಪಕ್ಕೆ ಗುರಿಯಾದ ಹಾರ್ಮೋನಿಯಂ 1940ರಲ್ಲಿ ಆಕಾಶವಾಣಿಯಿಂದ ಬಹಿಷ್ಕೃತವಾಯಿತು. 1971ರಲ್ಲಿ ಆ ನಿರ್ಬಂಧ ಸಡಿಲವಾಯಿತು. ಆ ನಡುವೆಯೂ ಕಂಪನಿ ನಾಟಕಗಳು ಅದನ್ನು ಕೈಬಿಡಲಿಲ್ಲ. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು. ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಭಜನೆಗೆ ಕುಳಿತವರಿಗೂ ಅಂಥ ಯಂತ್ರ ಹೊಸದಲ್ಲ. ಆದರೆ ಅಲ್ಲಿ ಯಂತ್ರವು ಆಧಾರಶ್ರುತಿಯನ್ನಷ್ಟೇ ಹಿಡಿಯುತ್ತದೆ, ರಾಗವನ್ನು ಹಾಡುವುದು ಮನುಷ್ಯಕಂಠ. ಸಿಂಗ್ ಅವರು ಈ ಮೇರೆಯನ್ನು ದಾಟಿ ಯಂತ್ರಕ್ಕೇ ಹಾಡುವ ಹೊಣೆ ಹೊರಿಸಿದರು. ಅವರ ಸಾಹಸವೂ ಸೋಲೂ ಇದರಲ್ಲಿಯೇ ಇವೆ.

ಹಾಗಾದರೆ ಮರುಮುದ್ರಣ ವ್ಯರ್ಥವೇ? ಎಷ್ಟು ಮಾತ್ರಕ್ಕೂ ಅಲ್ಲ. ತಟ್ಟೆ ಸಿಗದಿದ್ದಾಗ ಕೇವಲ ವದಂತಿಯಾಗಿದ್ದ ಕೃತಿ ಈಗ ಪರೀಕ್ಷೆಗೆ ಒದಗಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಅಧ್ಯಾಪಕರು ಇದರ ಮಾಲ್ಕೌಂಸನ್ನೂ ತೋಡಿಯನ್ನೂ ಒಬ್ಬ ಗಾಯಕರ ಅದೇ ರಾಗಗಳೊಡನೆ ತರಗತಿಯಲ್ಲಿ ಕೇಳಿಸಲಿ. ರಾಗವೆಂದರೆ ಸ್ವರಗಳ ಪಟ್ಟಿಯಲ್ಲವೆಂಬ ಮಾತು ಆಗ ವಿದ್ಯಾರ್ಥಿಗಳಿಗೆ ವ್ಯಾಖ್ಯಾನವಿಲ್ಲದೆಯೇ ತಿಳಿದೀತು.