ಬಾಕಿ ಉಳಿಸಿಕೊಳ್ಳುವುದೂ ಸಾಧನೆಯೇ?

ವರ್ಷಕ್ಕೆ 73 ಕೋಟಿ ರೂಪಾಯಿಯ ಸರಕು ಕೊಳ್ಳುವ ಕಂಪನಿಯೊಂದು ಮಾರ್ಚ್ 31ಕ್ಕೆ 12 ಕೋಟಿ ಬಾಕಿ ಉಳಿಸಿಕೊಂಡಿದೆ ಎನ್ನಿ. ಬಾಕಿಯನ್ನು ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಿದರೆ 60 ದಿನ. ಪಾವತಿಗೆ ಹಿಡಿಯುವ ಈ ಸರಾಸರಿ ದಿನಗಳನ್ನು ಲೆಕ್ಕದವರು ಡಿಪಿಒ ಎನ್ನುತ್ತಾರೆ. ಈ ಅಂಕಿ 75ಕ್ಕೇರಿದರೆ ದುಡಿಯುವ ಬಂಡವಾಳವನ್ನು ಚೆನ್ನಾಗಿ ನಿಭಾಯಿಸಿದ್ದೀರಿ ಎಂದು ಹಣಕಾಸು ವಿಭಾಗದ ಬೆನ್ನು ತಟ್ಟುವ ರೂಢಿ ಬೇರೂರಿದೆ. ಇದು ಅನ್ಯಾಯದ ಅಳತೆ.

ಹಣ ಕೊಡುವ ಮುನ್ನ ತಪಾಸಣೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಖರೀದಿ ಆದೇಶ, ಸರಕು ಬಂದದ್ದಕ್ಕೆ ಜಿಆರ್‌ಎನ್ ಎಂಬ ಸ್ವೀಕೃತಿ ಪತ್ರ, ಪೂರೈಕೆದಾರರ ಬಿಲ್ ಮೂರೂ ತಾಳೆಯಾದರೆ ಮಾತ್ರ ಪಾವತಿ. ಹೊಸ ಪೂರೈಕೆದಾರರ ಬ್ಯಾಂಕ್ ಖಾತೆ ನಮೂದಿಸಿದವರೇ ಹಣ ಬಿಡುಗಡೆ ಮಾಡಬಾರದು. ಸುಳ್ಳು ಬಿಲ್ಲು, ಎರಡೆರಡು ಸಲ ಪಾವತಿ ತಪ್ಪುವುದು ಇಂಥ ಕಟ್ಟುನಿಟ್ಟಿನಿಂದಲೇ. ಆದರೆ ಕಳ್ಳತನ ತಡೆಯಲು ಇಟ್ಟ ಕಾವಲು ಪಾವತಿ ಮುಂದೂಡುವ ನೆಪವಾಗುತ್ತಿದೆ. ಪೀಣ್ಯದ ಸಣ್ಣ ಮಷಿನ್ ಶಾಪ್‌ಗಳ ಮಾಲೀಕರನ್ನು ಕೇಳಿ ನೋಡಿ: ಸರಕು ಗೇಟು ದಾಟಿರುತ್ತದೆ, ಚಲನ್ ಮೇಲೆ ಇನ್‌ವರ್ಡ್ ಸೀಲೂ ಬಿದ್ದಿರುತ್ತದೆ, ಬಿಡಿಭಾಗ ಅಸೆಂಬ್ಲಿಗೂ ಹೋಗಿರುತ್ತದೆ. ಫೋನ್ ಮಾಡಿದರೆ ಮಾತ್ರ ‘ಜಿಆರ್‌ಎನ್ ಆಗಿಲ್ಲ, ಬಿಲ್ ಪಾಸಾಗಿಲ್ಲ’. ಜಿಆರ್‌ಎನ್ ಆದ ಮೇಲಷ್ಟೇ ಕಂಪನಿಯ ಗಡಿಯಾರ ಓಡತೊಡಗುತ್ತದೆ.

ಕಾನೂನಿನ ಗಡಿಯಾರ ಬೇರೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಸರಕು ಮುಟ್ಟಿದ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಮುಟ್ಟಿದ ದಿನವೇ ಅದನ್ನು ಒಪ್ಪಿಕೊಂಡಂತೆ. ಕರಾರು ಏನೇ ಇರಲಿ, ಅಲ್ಲಿಂದ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತ. ಆದರೆ ಮುಂದಿನ ಆರ್ಡರ್ ಬೇಕಾದವರು ಆ ಬಡ್ಡಿಯನ್ನು ಬಾಯಿಬಿಟ್ಟು ಕೇಳುವುದೆಂತು?

2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಕಲಮು ಅವರು ಕೇಳುವ ಅಗತ್ಯವನ್ನೇ ತಪ್ಪಿಸಿತು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಕೊಡದ ಹಣ ವರ್ಷಾಂತ್ಯಕ್ಕೂ ಬಾಕಿಯಿದ್ದರೆ, ಆ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚಿಗೆ ಕಡಿತವಿಲ್ಲ. ಒಳ್ಳೆಯ ಪೆಟ್ಟು, ಆದರೆ ಬೀಳುವುದು ಮಾರ್ಚ್‌ನಲ್ಲಿ ಮಾತ್ರ. ಮೇ ತಿಂಗಳ ಬಿಲ್ಲನ್ನು ಮಾರ್ಚ್ 30ಕ್ಕೆ ತೀರಿಸಿದರೂ ಕಡಿತ ಸಿಗುತ್ತದೆ.

ಡಿಪಿಒ ಎಂಬ ಸರಾಸರಿಯೂ ಇಂಥ ವಿಳಂಬವನ್ನು ಮರೆಮಾಡುತ್ತದೆ. ಉಕ್ಕಿನ ದೊಡ್ಡ ಕಂಪನಿಗೆ ವಾರದಲ್ಲಿ, ಲೇತ್ ಇಟ್ಟುಕೊಂಡವನಿಗೆ ನಾಲ್ಕು ತಿಂಗಳಿಗೆ ಹಣ ಕೊಟ್ಟರೂ ಒಟ್ಟು ಅಂಕಿ ಸಭ್ಯವಾಗಿಯೇ ಕಾಣುತ್ತದೆ. ಅಳೆಯಬೇಕಾದ್ದು ಗೇಟಿನ ಸೀಲಿನಿಂದ ಬ್ಯಾಂಕ್ ಜಮೆಯವರೆಗಿನ ದಿನಗಳನ್ನು, ಒಂದೊಂದು ಬಿಲ್ಲಿಗೂ, ಸಣ್ಣವರದನ್ನು ಬೇರೆಯಾಗಿ. ತಾರೀಖುಗಳೆಲ್ಲ ಕಂಪನಿಯ ಕಂಪ್ಯೂಟರಿನಲ್ಲೇ ಇವೆ. 2021ರಿಂದ ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿಯ ವಯಸ್ಸು ತೋರಿಸುವುದು ಕಡ್ಡಾಯವಾಗಿದೆ ನಿಜ. ಆದರೆ ಅದನ್ನು ತೋರಿಸುವ ಕೋಷ್ಟಕದ ಮೊದಲ ವಯಸ್ಸಿನ ಕಂಬ ‘ಒಂದು ವರ್ಷಕ್ಕಿಂತ ಕಡಿಮೆ’. ಗಡುವು ಮೀರಿ ಒಂದು ದಿನವಾದ ಬಿಲ್ಲೂ ಹನ್ನೊಂದು ತಿಂಗಳಾದ ಬಿಲ್ಲೂ ಅದರಲ್ಲಿ ಒಟ್ಟಿಗೇ ಕೂತಿರುತ್ತವೆ.